ಜ್ವರಕ್ಕೆ ಕೂತ ಹುಳು, ಮರಳಿನೊಳಗಿನ ಮೊಟ್ಟೆ

ಶಿಡ್ಲಘಟ್ಟದ ಪಕ್ಕದ ಹಳ್ಳಿ ನಮ್ಮದು. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ನಾನು ಮಾತ್ರ ಅಂಡಮಾನಿನ ಒಂದು ಬೀಚಿನಲ್ಲಿ ಕಡಲಾಮೆ ಕಾಯುತ್ತೇನೆ. "ಆಮೆ ಕಾಯೋಕೂ ಸಂಬಳ ಕೊಡ್ತಾರಾ?" ಅಂತ ಊರಲ್ಲಿ ಈಗಲೂ ಕೇಳುತ್ತಾರೆ. ಕೊಡ್ತಾರೆ, ಜಾಸ್ತಿ ಏನಲ್ಲ.

ಮೊದಲ ಸೀಸನ್ನಿನ ಮಾತು. ಬೆಳಗ್ಗೆ 6 ಗಂಟೆಗೆ ಆಲಿವ್ ರಿಡ್ಲಿ ಆಮೆಯ ಜಾಡು ಕಂಡಿತು. ಗೂಡು ನೀರಿಗೆ ತೀರಾ ಹತ್ತಿರ, ಉಬ್ಬರ ಬಂದರೆ ಮುಳುಗುತ್ತೆ. ಸೀನಿಯರ್‌ಗೂ ಹೇಳದೆ ಮೊಣಕೈ ಮುಳುಗುವಷ್ಟು ಮರಳು ತೋಡಿದೆ. ಪಿಂಗ್‌ಪಾಂಗ್ ಚೆಂಡಿನಷ್ಟು ದಪ್ಪದ ಮೊಟ್ಟೆ, ಒತ್ತಿದರೆ ತೊಗಲಿನ ಹಾಗೆ ಮೆತ್ತಗೆ. ಎಣಿಸಿದೆ, 108. ಬಕೆಟ್ಟಿಗೆ ತುಂಬಿ, ಮೊಟ್ಟೆ ಮರಿಯಾಗೋವರೆಗೆ ಕಾಪಾಡುವ ಹ್ಯಾಚರಿಯ ಗುಂಡಿಗೆ ಸುರಿದೆ. ಹೌದು, ಸುರಿದೆ. ಕೋಳಿ ಕಾವಿಗೆ ಕೂತಾಗ ತಾನೇ ಮೊಟ್ಟೆ ಹೊರಳಿಸುತ್ತಲ್ವಾ, ಏನಾಗುತ್ತೆ ಅಂದುಕೊಂಡೆ.

50 ದಿನ ದಾಟಿದ ಮೇಲೆ ಹೊರಗೆ ಬಂದಿದ್ದು 17 ಮರಿ. ಉಳಿದ ಮೊಟ್ಟೆಗಳನ್ನು ಸೀನಿಯರ್ ನನ್ನ ಕೈಯಲ್ಲೇ ಒಡೆಸಿದರು. ಆ ನಾತ ಎರಡು ದಿನ ಬೆರಳಲ್ಲಿತ್ತು. ಬಹಳಷ್ಟರಲ್ಲಿ ಮರಿ ಹುರುಳಿಕಾಳಿನಷ್ಟಕ್ಕೇ ನಿಂತುಹೋಗಿತ್ತು.

ಆಮೆ ಮೊಟ್ಟೆ ಕೋಳಿ ಮೊಟ್ಟೆಯಲ್ಲ. ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಒಳಗಿನಿಂದ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತೆ. ಆಮೇಲೆ ಹೊರಳಿಸಿದರೆ ತೆಳು ಪೊರೆ ಹರಿದು ಸಾಯುತ್ತೆ. ಸಾಗಿಸುವುದಾದರೆ ಇಟ್ಟ 2 ಗಂಟೆಯೊಳಗೆ ಸಾಗಿಸಬೇಕು. ರಾತ್ರಿಯೆಲ್ಲಾ ಬೀಚು ಸುತ್ತುವುದು ಸುಮ್ನೆ ಅಲ್ಲ ಅಂತ ಅವತ್ತು ಗೊತ್ತಾಯಿತು.

ರಜೆಗೆ ಬಂದಾಗ ಅಮ್ಮನಿಗೆ ಹೇಳಿದೆ. ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. "ಜ್ವರಕ್ಕೆ ಕೂತ ಹುಳ ಮುಟ್ಟಬಾರದು ಅಂತ ಚಿಕ್ಕೋನಿದ್ದಾಗಿಂದ ಹೇಳಿಲ್ವೇನೋ?" ಹೇಳಿದ್ದಳು. ಪೊರೆ ಬಿಡುವ ಮುಂಚೆ ಹುಳು ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತೆ, ಅದಕ್ಕೇ ಜ್ವರ ಅನ್ನೋದು. ಆಗ ಸೊಪ್ಪೂ ಹಾಕಲ್ಲ, ತಟ್ಟೆಯನ್ನೂ ಕದಲಿಸಲ್ಲ. ಮರಳು ಬಿಸಿಯಾದಷ್ಟೂ ಹೆಣ್ಣು ಮರಿ ಜಾಸ್ತಿ, ಅದಕ್ಕೇ ಹ್ಯಾಚರಿಗೆ ನೆರಳು ಕಟ್ಟುತ್ತೇವೆ ಅಂದೆ. "ಗೋಣಿಚೀಲ ನೆನೆಸಿ ಕಟ್ರೋ" ಅಂದಳು, ಬೇಸಿಗೆಯಲ್ಲಿ ತಾನು ಕಟ್ಟುವ ಹಾಗೆ.

ಈಗ ಜೇಬಲ್ಲಿ ಕೆಂಪು ಟಾರ್ಚಿನ ಜೊತೆ ಒಂದು ಪೆನ್ಸಿಲ್ ಇರುತ್ತೆ. ತಡವಾಗಿ ಸಿಕ್ಕ ಗೂಡನ್ನು ಆದಷ್ಟೂ ಮುಟ್ಟಲ್ಲ. ಎತ್ತಲೇಬೇಕಾದರೆ ಪ್ರತಿ ಮೊಟ್ಟೆಯ ನೆತ್ತಿಗೆ ಗುರುತು ಹಾಕಿ, ಗುರುತು ಮೇಲೆಯೇ ಇರುವ ಹಾಗೆ ಒಂದೊಂದಾಗಿ ಇಡುತ್ತೇನೆ. ಒಂದು ಗೂಡಿಗೆ ಗಂಟೆಗಟ್ಟಲೆ ಹಿಡಿಯುತ್ತೆ. ಹೊಸ ಹುಡುಗರು ಗೊಣಗುತ್ತಾರೆ. ಗೊಣಗಲಿ, ಬಕೆಟ್ ಮಾತ್ರ ಕೊಡಲ್ಲ.