ಅವರು ನಿಮಗೆ ಏನಾಗಬೇಕು?

ದಾವಣಗೆರೆಯಲ್ಲಿ ನಾನು ಪತ್ರ ಬರಹಗಾರನಾಗಿ ಕುಳಿತು ಇಪ್ಪತ್ತು ವರ್ಷಗಳಾದವು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಯಾವುದೇ ಇರಲಿ, ಯಾರು ಯಾರಿಗೆ ಏನಾಗಬೇಕು ಎಂಬ ಪ್ರಶ್ನೆ ನನ್ನ ಕೆಲಸದಲ್ಲಿ ಬಂದೇ ಬರುತ್ತದೆ.

ಕಳೆದ ಶ್ರಾವಣದಲ್ಲಿ ಇಬ್ಬರು ಹೆಣ್ಣುಮಕ್ಕಳು ಉಯಿಲು ಬರೆಸಲು ಬಂದರು. ನಿಟ್ಟುವಳ್ಳಿಯಲ್ಲಿ ಇಬ್ಬರೂ ದುಡಿದು ಕಟ್ಟಿಸಿದ ಮನೆ. ಖಾತೆ ಮಾತ್ರ ಹಿರಿಯವರ ಹೆಸರಿನಲ್ಲಿತ್ತು. ಕಿರಿಯವರನ್ನು ‘ಸ್ನೇಹಿತೆ’ ಎಂದು ಬರೆಯಹೊರಟಾಗ ಹಿರಿಯಾಕೆ ನನ್ನ ಪೆನ್ನಿನ ಮುಂದೆ ಕೈ ಅಡ್ಡ ಇಟ್ಟು, “ಹಂಗ ಬರೀಬೇಡ್ರಿ ಅಣ್ಣಾ, ಹದಿನಾಲ್ಕು ವರ್ಷ ಸಂಸಾರ ಮಾಡೀವಿ” ಎಂದರು.

ಮದುವೆಯಾಗದ, ಮಕ್ಕಳಿಲ್ಲದ ಹಿಂದೂ ಮಹಿಳೆ ಉಯಿಲು ಬರೆಯದೆ ತೀರಿಕೊಂಡರೆ, 1956ರ ಉತ್ತರಾಧಿಕಾರ ಕಾಯ್ದೆಯಂತೆ ಆಸ್ತಿ ತಂದೆ ತಾಯಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ ಸೇರುತ್ತದೆ. ಜೊತೆಗೆ ಬಾಳಿದವರಿಗೆ ಏನೂ ಇಲ್ಲ. ದಾನಪತ್ರ ಮಾಡೋಣವೆಂದರೆ, ಹೆಂಡತಿಗೋ ಮಗನಿಗೋ ಕೊಡುವಾಗಿನ ಅಲ್ಪ ಮುದ್ರಾಂಕ ಶುಲ್ಕ ಇವರಿಗೆ ಅನ್ವಯಿಸದು. ಕಾನೂನಿನ ಲೆಕ್ಕದಲ್ಲಿ ಹೊರಗಿನವರಾದ್ದರಿಂದ ಕ್ರಯಕ್ಕೆ ಕಟ್ಟುವಂತೆಯೇ ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ಬೆಲೆಯ ಮೇಲೆ ಕಟ್ಟಬೇಕು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದ್ದು ಒಳ್ಳೆಯದೇ, ಆದರೆ ನಾಮಿನಿಯಾದ ಮಾತ್ರಕ್ಕೆ ಯಾರೂ ವಾರಸುದಾರರಾಗುವುದಿಲ್ಲ. ‘ಮದುವೆಯೇ ಏಕೆ ಬೇಕು, ಒಟ್ಟಿಗೆ ಇದ್ದರೆ ಯಾರು ಬೇಡವೆನ್ನುತ್ತಾರೆ’ ಎಂದು ಕೇಳುವವರು ಈ ಕಾಗದಗಳನ್ನು ಒಮ್ಮೆ ನೋಡಬೇಕು.

2018ರಲ್ಲಿ ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು. ಆದರೆ ಸಲಿಂಗ ವಿವಾಹದ ಪ್ರಕರಣದಲ್ಲಿ, 2023ರ ಅಕ್ಟೋಬರ್ 17ರಂದು, ಮದುವೆಯೆಂಬುದು ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ನ್ಯಾಯಾಲಯವೇ ತಿದ್ದಲಾಗದು ಎಂದು ಐವರು ನ್ಯಾಯಮೂರ್ತಿಗಳೂ ಒಪ್ಪಿದರು; ಮದುವೆಯಲ್ಲದ ಬೇರೊಂದು ಕಾನೂನುಬದ್ಧ ಸಂಬಂಧವಾದರೂ ಇರಲಿ ಎಂದ ಇಬ್ಬರ ಅಭಿಪ್ರಾಯಕ್ಕೆ ಬಹುಮತ ಸಿಗಲಿಲ್ಲ. ಕಾನೂನು ಮಾಡುವುದು ಸಂಸತ್ತಿನ ಕೆಲಸವೆಂಬ ಮಾತನ್ನು ನಾನೂ ಒಪ್ಪುತ್ತೇನೆ. ಹಾಗಾದರೆ ಸಂಸತ್ತು ಆ ಕೆಲಸವನ್ನು ಕೈಗೆತ್ತಿಕೊಳ್ಳಲಿ. ವಿಶೇಷ ವಿವಾಹ ಕಾಯ್ದೆ ಧರ್ಮವನ್ನಾಗಲಿ ಜಾತಿಯನ್ನಾಗಲಿ ಕೇಳದ ಕಾಯ್ದೆ. ಅದರಲ್ಲಿ ಈ ಇಬ್ಬರಿಗೆ ಜಾಗ ಮಾಡಿಕೊಟ್ಟರೆ ಯಾರ ಮನೆಯ ಧಾರೆಯೂ ಕೆಡುವುದಿಲ್ಲ.

ಉಯಿಲಿನಲ್ಲಿ ‘ನನ್ನ ಬಾಳಸಂಗಾತಿ’ ಎಂದೇ ಬರೆದೆ. ಓದಿ ಹೇಳಿದಾಗ ಕಿರಿಯವರು ಆ ಸಾಲನ್ನು ಇನ್ನೊಮ್ಮೆ ಓದಿಸಿದರು. “ಮುಂದ ಇವ್ರ ಅಣ್ಣ ತಕರಾರು ತೆಗದ್ರ?” ಎಂದು ಕೇಳಿದರು. ತೆಗೆಯಬಹುದಮ್ಮಾ ಎಂದೆ. ಸಾಕ್ಷಿಗಳು ಇಬ್ಬರೂ ನಿಮಗಿಂತ ಚಿಕ್ಕ ವಯಸ್ಸಿನವರಿರಲಿ, ಉಯಿಲು ಬರೆಸುವವರು ಸ್ವಸ್ಥಚಿತ್ತರೆಂದು ವೈದ್ಯರಿಂದ ಬರೆಸಿಕೊಳ್ಳಿ, ಕಡ್ಡಾಯವಲ್ಲದಿದ್ದರೂ ನೋಂದಣಿ ಮಾಡಿಸಿ ಎಂದು ಒಂದೊಂದಾಗಿ ಹೇಳಿದೆ. ಗಂಡ ಹೆಂಡತಿ ಬಂದು ಕುಳಿತಾಗ ನಾನು ಇಷ್ಟೆಲ್ಲ ಹೇಳುವುದಿಲ್ಲ.