ಯೀಲ್ಡ್ ಕಾಲಂ ನೋಡಿ ಷೇರು ಆರಿಸಿದ್ದೆ

ಹೂಡಿಕೆ ಸಲಹೆ ಕೊಡುವ ಆಫೀಸಿನಲ್ಲಿ ನನ್ನ ಕೆಲಸ. ರಿಟೈರ್ ಆದವರು, ಇನ್ನೇನು ಆಗುವವರು ಬಂದು ಎದುರಿಗೆ ಕೂರುತ್ತಾರೆ. ಹೆಚ್ಚು ಕಡಿಮೆ ಎಲ್ಲರದ್ದೂ ಒಂದೇ ಮಾತು. "ಸಂಬಳ ನಿಂತುಹೋಯ್ತು. ಇರೋ ಗಂಟು ಕರಗಬಾರದು, ಕೈಗೆ ಏನಾದ್ರೂ ಬರ್ತಾ ಇರಬೇಕು." ಡಿವಿಡೆಂಡ್, ಅಂದರೆ ಕಂಪನಿ ತನ್ನ ಷೇರುದಾರರಿಗೆ ಹಂಚುವ ಹಣ, ಅನ್ನೋ ಪದ ಆಗ ತಾನಾಗಿಯೇ ಮಾತಿಗೆ ಬರುತ್ತೆ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಬ್ಬ ನಿವೃತ್ತ ಶಿಕ್ಷಕಿ ಬಂದಿದ್ದರು. ಕೈಯಲ್ಲಿ ಒಂದು ಗೆರೆ ಹಾಕಿದ ನೋಟ್‌ಬುಕ್. ಎಡಗಡೆ ಹನ್ನೆರಡು ತಿಂಗಳ ಹೆಸರು, ಅದರ ಪಕ್ಕದಲ್ಲಿ ಆಯಾ ತಿಂಗಳ ಖರ್ಚು. ಔಷಧಿ ಪ್ರತಿ ತಿಂಗಳೂ ಇತ್ತು. ವಿಮೆಯ ಕಂತು ಒಂದು ತಿಂಗಳು, ಮನೆ ರಿಪೇರಿ ಅಂತ ಇನ್ನೊಂದು ತಿಂಗಳು. ಬಲಗಡೆಯ ಕಾಲಂ ಖಾಲಿ ಬಿಟ್ಟಿದ್ದರು. ಅದನ್ನು ತುಂಬಿಸುವುದು ನನ್ನ ಕೆಲಸ.

ನಾನು ಮಾಡಿದ್ದು ಇಷ್ಟೇ. ಡಿವಿಡೆಂಡ್ ಕೊಡುವ ಕಂಪನಿಗಳ ಪಟ್ಟಿ ತೆರೆದೆ, ಯೀಲ್ಡ್ (ಷೇರಿನ ಬೆಲೆಗೆ ಡಿವಿಡೆಂಡ್ ಶೇಕಡಾ ಎಷ್ಟು ಅನ್ನೋದು) ಕಾಲಂ ಮೇಲೆ ಕ್ಲಿಕ್ ಮಾಡಿ ಜಾಸ್ತಿಯಿಂದ ಕಡಿಮೆಗೆ ಜೋಡಿಸಿದೆ, ಮೇಲಿನ ಎಂಟು ಹೆಸರು ಎತ್ತಿಕೊಂಡೆ. ಅವರು ಆ ಅಂಕಿಗಳನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡರು. ಖರ್ಚಿಗಿಂತ ಆದಾಯವೇ ಸ್ವಲ್ಪ ಜಾಸ್ತಿ ಬಂತು. ಇಬ್ಬರಿಗೂ ಖುಷಿಯಾಯ್ತು.

ಹದಿನಾಲ್ಕು ತಿಂಗಳಲ್ಲಿ ಒಂದು ಕಂಪನಿ ಡಿವಿಡೆಂಡನ್ನು ಅರ್ಧಕ್ಕಿಳಿಸಿತು. ಇನ್ನೊಂದು ಪೂರ್ತಿ ನಿಲ್ಲಿಸಿತು. ಎರಡರ ಷೇರು ಬೆಲೆಯೂ ಬಿತ್ತು. ಅವರು ಬಂದು ನೋಟ್‌ಬುಕ್ ತೆರೆದು, ನನ್ನ ಮುಂದೆಯೇ ಎರಡು ಸಾಲು ರಬ್ಬರ್‌ನಿಂದ ಅಳಿಸಿ, ಪುಡಿಯನ್ನು ಊದಿದರು. ಬೈಯಲಿಲ್ಲ. "ಹೀಗಾಗಬಹುದು ಅಂತ ಮೊದಲೇ ಗೊತ್ತಾಗ್ತಿತ್ತಾ ಮಗು?" ಅಂತ ಮಾತ್ರ ಕೇಳಿದರು. ನೋಡಿ ಹೇಳ್ತೀನಿ ಮೇಡಂ ಅಂದೆ.

ಅವತ್ತು ರಾತ್ರಿ ಆಫೀಸಿನಲ್ಲೇ ಕೂತು ಎರಡೂ ಕಂಪನಿಗಳ ವಾರ್ಷಿಕ ವರದಿ ಓದಿದೆ. ಗೊತ್ತಾಗ್ತಿತ್ತು. ಚೆನ್ನಾಗಿಯೇ ಗೊತ್ತಾಗ್ತಿತ್ತು.

ಮೊದಲನೆಯದು ಮೂರು ವರ್ಷದಿಂದ ದುಡಿದದ್ದಕ್ಕಿಂತ ಜಾಸ್ತಿ ಹಂಚುತ್ತಿತ್ತು. ಕೊರತೆಯನ್ನು ಸಾಲದಿಂದ ತುಂಬಿಸುತ್ತಿತ್ತು. ಎರಡನೆಯದು ಹಿಂದಿನ ವರ್ಷ ಒಂದು ಘಟಕ ಮಾರಿ, ಬಂದ ಹಣದಲ್ಲಿ ಒಂದು ಸಲಕ್ಕೆ ಮಾತ್ರ ವಿಶೇಷ ಡಿವಿಡೆಂಡ್ ಕೊಟ್ಟಿತ್ತು. ಪಟ್ಟಿಯ ಲೆಕ್ಕದಲ್ಲಿ ಅದೂ ಸೇರಿಕೊಂಡು ಯೀಲ್ಡ್ ಉಬ್ಬಿತ್ತು. ಮಾರಿದ ಘಟಕವನ್ನು ಮತ್ತೆ ಮಾರೋಕಾಗಲ್ಲ ಅಲ್ವಾ?

ಅವತ್ತಿನಿಂದ ನಾನು ಯೀಲ್ಡನ್ನು ನೋಡುವ ರೀತಿಯೇ ಬದಲಾಯ್ತು. ಯೀಲ್ಡ್ ಅಂದರೆ ವರ್ಷದ ಡಿವಿಡೆಂಡನ್ನು ಷೇರಿನ ಬೆಲೆಯಿಂದ ಭಾಗಿಸಿದ್ದು. ಬೆಲೆ 100, ಡಿವಿಡೆಂಡ್ 5 ಇದ್ದರೆ ಶೇ. 5. ಕಂಪನಿಗೆ ತೊಂದರೆ ಇದೆ ಅಂತ ಮಾರುಕಟ್ಟೆಗೆ ವಾಸನೆ ಹತ್ತಿ ಬೆಲೆ 50ಕ್ಕೆ ಬಿದ್ದರೆ ಯೀಲ್ಡ್ ಶೇ. 10 ಆಗುತ್ತೆ. ಕಂಪನಿ ಒಂದು ಬಿಡಿಗಾಸೂ ಜಾಸ್ತಿ ಕೊಟ್ಟಿಲ್ಲ. ನಂತರ ಡಿವಿಡೆಂಡ್ 2ಕ್ಕೆ ಇಳಿಯುತ್ತೆ. ಹಾಗಾಗಿ ಜಾಸ್ತಿಯಿಂದ ಕಡಿಮೆಗೆ ಜೋಡಿಸಿದಾಗ ಮೇಲೆ ಬಂದು ಕೂರುವುದರಲ್ಲಿ ಕಾಯಿಲೆ ಬಿದ್ದ ಕಂಪನಿಗಳೇ ಬಹಳ. ಬೆಳ್ಳಗಿರೋದೆಲ್ಲ ಹಾಲಲ್ಲ.

ಈಗ ಯಾವ ಕಂಪನಿ ಬಂದರೂ ನಾನು ಮೊದಲು ತೆರೆಯುವುದು ಕ್ಯಾಶ್ ಫ್ಲೋ ಪುಟ. ವ್ಯವಹಾರದಿಂದ ಎಷ್ಟು ನಗದು ಬಂತು, ಅದರಲ್ಲಿ ಯಂತ್ರ, ಕಟ್ಟಡಗಳಿಗೆ ಎಷ್ಟು ಹೋಯ್ತು, ಉಳಿದದ್ದರಲ್ಲಿ ಡಿವಿಡೆಂಡ್ ಕೊಟ್ಟು ಇನ್ನೂ ಮಿಗುತ್ತಾ? ಲಾಭದ ಅಂಕಿಗಿಂತ ಇದು ನಂಬಿಕೆಗೆ ಹತ್ತಿರ. ಲಾಭ ಪುಸ್ತಕದಲ್ಲಿ ಇರಬಹುದು, ಡಿವಿಡೆಂಡ್ ಕೊಡೋಕೆ ನಗದೇ ಬೇಕು. ಉಳಿದ 100ರಲ್ಲಿ 50, 60 ಹಂಚುವ ಕಂಪನಿಗೆ ಒಂದು ಕೆಟ್ಟ ವರ್ಷ ತಡೆದುಕೊಳ್ಳುವ ಜಾಗ ಇರುತ್ತೆ. 95 ಹಂಚುವ ಕಂಪನಿಗೆ ಇರಲ್ಲ. ಬಾಡಿಗೆ ಆದಾಯದ ರಿಯಲ್ ಎಸ್ಟೇಟ್ ಟ್ರಸ್ಟ್‌ಗಳ ಕಥೆ ಬೇರೆ. ಹೆಚ್ಚಿನ ಪಾಲು ಹಂಚಲೇಬೇಕು ಅನ್ನೋ ನಿಯಮದಲ್ಲೇ ಅವು ನಡೆಯುತ್ತವೆ, ಅವನ್ನು ಬೇರೆ ಅಳತೆಯಲ್ಲೇ ನೋಡಬೇಕು.

ಆಮೇಲೆ ಸಾಲ. ಸಾಲ ಕೊಟ್ಟವರಿಗೆ ಬಡ್ಡಿ ಕಟ್ಟಲೇಬೇಕು. ಷೇರುದಾರರಿಗೆ ಡಿವಿಡೆಂಡ್ ಕೊಡಲೇಬೇಕು ಅಂತೇನಿಲ್ಲ. ಕಷ್ಟ ಬಂದಾಗ ಯಾರ ಪಾಲಿಗೆ ಮೊದಲು ಕತ್ತರಿ ಬೀಳುತ್ತೆ ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

"ಇದು ದೊಡ್ಡ ಕಂಪನಿ, ಇದಕ್ಕೇನೂ ಆಗಲ್ಲ" ಅನ್ನೋ ಮಾತು ದಿನಾ ಕೇಳುತ್ತೇನೆ. ಹಾಗೆ ಹೇಳಿದವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ 2017ರಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಡಿವಿಡೆಂಡನ್ನು ಷೇರಿಗೆ 24 ಸೆಂಟ್‌ನಿಂದ 12ಕ್ಕೆ ಇಳಿಸಿತು, ಮರುವರ್ಷ 1 ಸೆಂಟ್‌ಗೆ. ತೈಲ ಕಂಪನಿ ಶೆಲ್ ಎರಡನೇ ಮಹಾಯುದ್ಧದ ನಂತರ ಒಮ್ಮೆಯೂ ಕಡಿಮೆ ಮಾಡಿರಲಿಲ್ಲ. 2020ರಲ್ಲಿ ತೈಲಬೆಲೆ ಕುಸಿದಾಗ 47 ಸೆಂಟ್‌ನಿಂದ 16ಕ್ಕೆ ತಂದಿತು. ಇನ್ನೊಂದು ಕಡೆ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ 1890ರಿಂದ ಬಿಡದೆ ಡಿವಿಡೆಂಡ್ ಕೊಡುತ್ತಾ ಬಂದಿದೆ. ಸೋಪು, ಡಯಾಪರ್ ಕೊಳ್ಳುವುದನ್ನು ಜನ ಕೆಟ್ಟ ವರ್ಷದಲ್ಲೂ ನಿಲ್ಲಿಸಲ್ಲ. ತೈಲ, ಗಣಿ, ಉಕ್ಕಿನ ಆದಾಯ ಬೆಲೆಯ ಜೊತೆಗೇ ಏರಿಳಿಯುತ್ತೆ. ಗಣಿ ಕಂಪನಿ ಬಿಎಚ್‌ಪಿ 2016ರಲ್ಲಿ ಇದನ್ನು ಬಿಚ್ಚಿಯೇ ಹೇಳಿತು. ಇನ್ನು ಮುಂದೆ ಡಿವಿಡೆಂಡ್ ಏರುತ್ತಲೇ ಹೋಗಲ್ಲ, ಲಾಭದಲ್ಲಿ ಕನಿಷ್ಠ ಅರ್ಧ ಹಂಚುತ್ತೇವೆ, ಲಾಭ ಇಳಿದರೆ ಡಿವಿಡೆಂಡೂ ಇಳಿಯುತ್ತೆ ಅಂತ. ಇದು ಪ್ರಾಮಾಣಿಕ ನೀತಿ. ಆದರೆ ಔಷಧಿ ಖರ್ಚನ್ನು ಅದರ ಮೇಲೆ ನಿಲ್ಲಿಸಬಾರದು.

ಬೆಳವಣಿಗೆಯ ಲೆಕ್ಕ ಜನರಿಗೆ ಮನದಟ್ಟು ಮಾಡಿಸೋಕೆ ನನಗೆ ಹೆಚ್ಚು ಹೊತ್ತು ಬೇಕಾಗುತ್ತೆ. ಇವತ್ತು ಶೇ. 6 ಕೊಟ್ಟು ಅಲ್ಲೇ ನಿಲ್ಲುವ ಷೇರು ಒಂದು, ಶೇ. 3 ಕೊಟ್ಟು ಆ ಡಿವಿಡೆಂಡನ್ನು ವರ್ಷಕ್ಕೆ ಶೇ. 8ರಂತೆ ಏರಿಸುವ ಷೇರು ಇನ್ನೊಂದು. ಸುಮಾರು ಒಂಬತ್ತು ವರ್ಷಕ್ಕೆ ಎರಡನೆಯದು ಮೊದಲನೆಯದನ್ನು ಹಿಡಿಯುತ್ತೆ, ಆಮೇಲೆ ದಾಟಿ ಹೋಗುತ್ತೆ. ಅತ್ತ ಬೆಲೆಯೇರಿಕೆ ಶೇ. 6 ಇದ್ದರೆ ಹನ್ನೆರಡು ವರ್ಷಕ್ಕೆ ಖರ್ಚು ದುಪ್ಪಟ್ಟು. ಅರವತ್ತಕ್ಕೆ ರಿಟೈರ್ ಆದವರು ತೊಂಬತ್ತರ ತನಕ ಬದುಕಬಹುದು. ಹಾಗಂತ ಎಲ್ಲರಿಗೂ ಎರಡನೆಯದೇ ಸರಿ ಅನ್ನಲ್ಲ. ಎಂಬತ್ತು ದಾಟಿದವರಿಗೆ ಒಂಬತ್ತು ವರ್ಷ ಕಾಯಿರಿ ಅಂತ ಯಾವ ಬಾಯಲ್ಲಿ ಹೇಳಲಿ?

ಇನ್ನೊಂದು ವಿಷಯ ಹೇಳಲೇಬೇಕು. ಡಿವಿಡೆಂಡ್ ಪುಕ್ಕಟೆ ದುಡ್ಡಲ್ಲ. ಡಿವಿಡೆಂಡಿನ ಹಕ್ಕು ಕಳಚುವ ದಿನ, ಅಂದರೆ ಅವತ್ತಿನಿಂದ ಕೊಂಡವರಿಗೆ ಆ ಡಿವಿಡೆಂಡ್ ಸಿಗದ ದಿನ, ಷೇರಿನ ಬೆಲೆ ಸಾಮಾನ್ಯವಾಗಿ ಹೆಚ್ಚು ಕಡಿಮೆ ಅಷ್ಟೇ ಕೆಳಗೆ ಶುರುವಾಗುತ್ತೆ. ಹಿಂದಿನ ದಿನ ಕೊಂಡು ಡಿವಿಡೆಂಡ್ ಹೊಡೆದುಕೊಂಡು ಹೊರಬರ್ತೀನಿ ಅನ್ನುವವರಿಗೆ ಕೊನೆಗೆ ಉಳಿಯೋದು ತೆರಿಗೆ, ಬ್ರೋಕರೇಜ್ ಖರ್ಚು. ತೆರಿಗೆ, ಖರ್ಚು ಇಲ್ಲದ ಮಾರುಕಟ್ಟೆಯಲ್ಲಿ ಡಿವಿಡೆಂಡ್ ಕೊಟ್ಟರೂ ಬಿಟ್ಟರೂ ಕಂಪನಿಯ ಬೆಲೆಗೆ ವ್ಯತ್ಯಾಸ ಆಗಲ್ಲ ಅಂತ ಅರ್ಥಶಾಸ್ತ್ರಜ್ಞರಾದ ಮಿಲ್ಲರ್ ಮತ್ತು ಮೊಡಿಗ್ಲಿಯಾನಿ 1961ರಲ್ಲೇ ತೋರಿಸಿದ್ದರು. ಹಾಗಾಗಿ ಎಲ್ಲಾ ಆದಾಯವೂ ಡಿವಿಡೆಂಡಿನಿಂದಲೇ ಬರಬೇಕು ಅನ್ನೋ ಹಟ ಬೇಡ ಅನ್ನುತ್ತೇನೆ. ವರ್ಷಕ್ಕೊಮ್ಮೆ ಸ್ವಲ್ಪ ಷೇರು ಮಾರಿದರೂ ಅದು ಆದಾಯವೇ. ಒಪ್ಪುವವರು ಕಡಿಮೆ. "ಮಾರಿದರೆ ಗಂಟು ಕರಗುತ್ತೆ" ಅನ್ನೋ ಭಯ ಆಳವಾದದ್ದು, ಅದನ್ನು ನಾನು ಹಗುರವಾಗಿ ತಳ್ಳಿಹಾಕಲ್ಲ. ಮಾರುವ ಗೋಜಿಲ್ಲದೆ ನೆಮ್ಮದಿಯಾಗಿ ನಿದ್ದೆ ಬರುವುದಾದರೆ ಅದಕ್ಕೂ ಬೆಲೆ ಇದೆ.

ಎಂಟು ಕಂಪನಿ ಸಾಲದು ಅನ್ನೋದನ್ನೂ ಆ ಶಿಕ್ಷಕಿಯ ನೋಟ್‌ಬುಕ್ಕೇ ಕಲಿಸಿತು. ಎರಡು ಕೈಕೊಟ್ಟರೆ ಕಾಲು ಭಾಗದ ಕಂಪನಿಗಳೇ ಕೈಕೊಟ್ಟ ಹಾಗೆ. ಈಗ ನಾನು ಬಹುತೇಕರಿಗೆ ನೂರಾರು ಕಂಪನಿಗಳಿರುವ ಕಡಿಮೆ ಖರ್ಚಿನ ಫಂಡ್ ತೋರಿಸುತ್ತೇನೆ. ಜೊತೆಗೆ ಒಂದು ಪಾಲು ಬಾಂಡ್, ಠೇವಣಿ. ಒಂದು ವರ್ಷದ ಖರ್ಚನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಡಿಸುತ್ತೇನೆ. ಡಿವಿಡೆಂಡ್ ಮೂರು ತಿಂಗಳಿಗೋ ವರ್ಷಕ್ಕೋ ಬರುತ್ತೆ, ಔಷಧಿ ಅಂಗಡಿಯವರು ಅಷ್ಟು ದಿನ ಕಾಯಲ್ಲ. ಬಂದ ಡಿವಿಡೆಂಡೆಲ್ಲ ಆ ಖಾತೆಗೆ ಹೋಗುತ್ತೆ, ಅಲ್ಲಿಂದ ತಿಂಗಳಿಗೆ ಇಷ್ಟು ಅಂತ ಸಂಬಳದ ಹಾಗೆ ತೆಗೆದುಕೊಳ್ಳಬೇಕು.

ಶಿಕ್ಷಕಿ ಈಗಲೂ ಬರುತ್ತಾರೆ. ಎರಡು ಸಾಲು ಅಳಿಸಿದ ಮರುವಾರ ಇಬ್ಬರೂ ಕೂತು ನೋಟ್‌ಬುಕ್ಕಿನ ಬಲಗಡೆ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದೆವು. ಒಂದು ಕಾಲಂಗೆ "ಬಂದರೆ" ಅಂತ ಬರೆದರು, ಪಕ್ಕದ್ದಕ್ಕೆ "ಕಡಿಮೆ ಬಂದರೆ". ಎರಡನೆಯದರಲ್ಲಿ ಪ್ರತಿ ಅಂಕಿಯನ್ನೂ ಮೂರನೇ ಒಂದು ಭಾಗ ಇಳಿಸಿ ಬರೆಯುತ್ತಾರೆ. ಖರ್ಚನ್ನು ಅದರ ಎದುರಿಗೇ ಕೂಡುತ್ತಾರೆ.