ಸೇತುವೆ ಇಳಿದ ಮೇಲಿನ ಮೊದಲ ಪೆಟ್ಟು

ತೀರ್ಥಹಳ್ಳಿಯಲ್ಲಿ ಆಗಸ್ಟ್ 15 ಅಂದರೆ ಜಡಿಮಳೆಯ ದಿನ. ಹಾಗಾಗಿ ನಮ್ಮ ಬ್ಯಾಂಡ್ ಸೆಟ್ಟಿನ ಸ್ವಾತಂತ್ರ್ಯೋತ್ಸವ ಶುರುವಾಗುತ್ತಿದ್ದದ್ದು ಬಚ್ಚಲೊಲೆಯ ಮುಂದೆ. ಆಗಿನ ಡ್ರಮ್ಮುಗಳಿಗೆ ಈಗಿನಂತೆ ಪ್ಲಾಸ್ಟಿಕ್ ಹೊದಿಕೆ ಇರಲಿಲ್ಲ, ಚರ್ಮ. ಮಳೆಗಾಲದ ಥಂಡಿಗೆ ಅದು ಸಡಿಲವಾಗಿ, ಬಡಿದರೆ ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ಕೇಳುತ್ತಿತ್ತು. ಶಾಲೆಗೆ ಹತ್ತಿರದ ಮನೆ ನಮ್ಮದೇ ಆದ್ದರಿಂದ ಹಿಂದಿನ ಸಂಜೆ ದೊಡ್ಡ ಡ್ರಮ್ಮನ್ನು ಕಂಬಳಿಯಲ್ಲಿ ಸುತ್ತಿ ತಂದಿಡುತ್ತಿದ್ದೆವು. ಬೆಳಗಿನ ಜಾವ ಅಮ್ಮ ಅಡಿಕೆ ಸಿಪ್ಪೆ ತುಂಬಿ ಹಂಡೆಗೆ ಉರಿ ಹಾಕಿದಾಗ ನಾನು ಒಂದು ಮಾರು ದೂರದಲ್ಲಿ ಕೂತು ಡ್ರಮ್ಮಿಗೆ ಕಾವು ಕೊಡಬೇಕು. ಬೆರಳಲ್ಲಿ ತಟ್ಟಿ ತಟ್ಟಿ ನೋಡಬೇಕು. ಸದ್ದು ಏರುತ್ತಿದ್ದಂತೆ ಎದ್ದುಬಿಡಬೇಕು.

ನಾನು ಒಂಬತ್ತನೇ ತರಗತಿಯಲ್ಲಿ ಹುಡುಗಿಯರಲ್ಲೆಲ್ಲ ಎತ್ತರ ಇದ್ದೆ. ಡ್ರಿಲ್ ಮೇಷ್ಟ್ರು ದೊಡ್ಡ ಡ್ರಮ್ಮು ನನಗೆ ಕೊಟ್ಟರು. ಸೈನ್ಯದಿಂದ ನಿವೃತ್ತರಾಗಿ ಬಂದವರು ಅವರು. ಸೈನ್ಯದಲ್ಲಿ ನಿಮಿಷಕ್ಕೆ 120 ಹೆಜ್ಜೆ. ಎಂಟನೇ ತರಗತಿಯ ಮಕ್ಕಳ ಕಾಲಿಗೆ ಅದು ಹೆಚ್ಚಾಯಿತೆಂದು ಕೈಗಡಿಯಾರ ನೋಡಿಕೊಂಡು ಕೊಂಚ ಇಳಿಸಿದ್ದರು. ಎಡಗಾಲು ನೆಲ ಮುಟ್ಟುವಾಗ ನನ್ನ ಪೆಟ್ಟು ಬೀಳಬೇಕು. ಜೋಡಿ ಪೆಟ್ಟು ಕೊಟ್ಟರೆ ಎಲ್ಲರೂ ನುಡಿಸುವುದನ್ನು ನಿಲ್ಲಿಸಬೇಕು. ಬ್ಯೂಗಲಿಗೆ ತೂತೂ ಇಲ್ಲ, ಗುಂಡಿಯೂ ಇಲ್ಲ. ಇರುವ ನಾಲ್ಕೈದು ಸ್ವರವೂ ತುಟಿಯಲ್ಲೇ ಹುಟ್ಟಬೇಕು. ಜನ ನೋಡುತ್ತಿದ್ದದ್ದು ಬ್ಯೂಗಲಿನ ಹುಡುಗರನ್ನು. ನನಗೆ ಮಾತ್ರ ಮೇಷ್ಟ್ರು ಹೇಳಿದ್ದರು: "ನೀನು ಬಾರಿಸುವುದು ಅಂಗಡಿ ಮುಂದೆ ನಿಂತವರಿಗಲ್ಲ ಮಾರಾಯ್ತಿ, ಕೊನೇ ಸಾಲಿನ ಮಗುವಿನ ಕಾಲಿಗೆ."

ಕುರುವಳ್ಳಿ ಕಡೆಯಿಂದ ಹೊರಟು ತುಂಗಾ ಸೇತುವೆ ದಾಟಿ ಆಜಾದ್ ರಸ್ತೆಯಲ್ಲಿ ಸಾಗಬೇಕು. ಸೇತುವೆ ಬಾಯಿಗೆ ಬಂದ ಕೂಡಲೇ ಮೇಷ್ಟ್ರು ಕೈ ಎತ್ತುತ್ತಿದ್ದರು. ನಾನು ಜೋಡಿ ಪೆಟ್ಟು ಕೊಡುತ್ತಿದ್ದೆ, ಬ್ಯಾಂಡ್ ನಿಲ್ಲುತ್ತಿತ್ತು. "ಹೆಜ್ಜೆ ಬಿಡಿ!" ಅಂತ ಕೂಗುತ್ತಿದ್ದರು, ಅಂದರೆ ಒಟ್ಟಿಗೆ ಹೆಜ್ಜೆ ಹಾಕದೆ ಅವರವರ ಪಾಡಿಗೆ ನಡೆಯಬೇಕು. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ ಬ್ರಾಟನ್ ಎಂಬಲ್ಲಿ ಸೈನಿಕರು ಒಂದೇ ಹೆಜ್ಜೆಯಲ್ಲಿ ನಡೆದಾಗ ತೂಗುಸೇತುವೆ ಕುಸಿದಿತ್ತಂತೆ. ಅಲ್ಲಿಂದ ಬ್ರಿಟಿಷ್ ಸೈನ್ಯದಲ್ಲಿ ಸೇತುವೆಯ ಮೇಲೆ ಹೆಜ್ಜೆ ಮುರಿಯುವ ಪದ್ಧತಿ ಬಂತು. ನಮ್ಮದು ಕಮಾನಿನ ಗಟ್ಟಿ ಸೇತುವೆ, ನೂರು ಮಕ್ಕಳ ಹೆಜ್ಜೆಗೆ ಅಲುಗುವುದಲ್ಲ. ಆದರೂ ಮೇಷ್ಟ್ರು ಒಂದು ವರ್ಷವೂ ಆ ಪದ್ಧತಿ ತಪ್ಪಿಸಲಿಲ್ಲ. ನನಗೆ ಮೆರವಣಿಗೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಅದೇ. ಅಷ್ಟೂ ಮಕ್ಕಳು ಸುಮ್ಮನೆ ನಡೆಯುತ್ತಾರೆ, ಕೆಳಗೆ ಕೆಂಪು ನೀರು ತುಂಬಿಕೊಂಡ ತುಂಗೆ ಒಬ್ಬಳೇ ಮೊರೆಯುತ್ತಾಳೆ, ಯಾರೋ ಕಟ್ಟೆಗೆ ಬಗ್ಗಿ "ರಾಮಮಂಟಪ ಮುಳುಗಿತಾ?" ಅಂತ ಕೇಳುತ್ತಾರೆ. ಕೊನೇ ಸಾಲು ಸೇತುವೆ ಇಳಿಯಿತೆಂದು ಮೇಷ್ಟ್ರು ತಲೆ ಆಡಿಸಿದಾಗ ಮೊದಲ ಪೆಟ್ಟು ನಾನು ಕೊಡಬೇಕು. ಆ ಒಂದು ಪೆಟ್ಟಿಗೆ ಚೆಲ್ಲಾಪಿಲ್ಲಿಯಾದ ಕಾಲುಗಳೆಲ್ಲ ಒಂದಾಗುತ್ತಿದ್ದವು.

1987ರಲ್ಲಿ ನಾನು ತಪ್ಪು ಮಾಡಿದೆ. ಆ ಬೆಳಿಗ್ಗೆ ವಿಪರೀತ ಮಳೆ. ಚರ್ಮ ಬಿಗಿಯುತ್ತಲೇ ಇಲ್ಲವೆಂದು ಬಲಗಡೆಯ ಮುಖವನ್ನು ಒಲೆಯ ಬಾಯಿಗೇ ಹಿಡಿದಿದ್ದೆ. ಆಜಾದ್ ರಸ್ತೆಯ ನಡುವೆ ಅದು ಅಂಚಿನುದ್ದಕ್ಕೂ ಸೀಳಿಹೋಯಿತು. ಕೈಯಲ್ಲಿ ಕೋಲು ಇದೆ, ಸದ್ದೇ ಇಲ್ಲ. ಹಿಂದೆ ಸಾಲುಗಳ ಹೆಜ್ಜೆ ಕಲಸಿಹೋಗುವುದು ಕಿವಿಗೇ ಕೇಳಿಸಿತು. ಮೇಷ್ಟ್ರು ನನ್ನ ಪಕ್ಕಕ್ಕೆ ಬಂದು, ಮುಂದೆ ನೋಡುತ್ತಲೇ, "ಇನ್ನೊಂದು ಮುಖ ಇದೆಯಲ್ಲ, ಎಡಗೈ" ಅಂದರು. ಕೋಲು ಬದಲಿಸಿದೆ. ಎಡಮುಖ ಸರಿಯಾಗಿ ಕಾದಿರಲಿಲ್ಲ, ಸದ್ದು ಮಂಕು. ಎಡಗೈಗೆ ಬಲವೂ ಇಲ್ಲ. ತಾಲ್ಲೂಕಿನ ಧ್ವಜಾರೋಹಣದ ಮೈದಾನ ಮುಟ್ಟುವವರೆಗೂ ತುಟಿ ಕಚ್ಚಿಕೊಂಡು ಬಾರಿಸಿದೆ. ಕೊನೇ ಸಾಲು ಹೆಜ್ಜೆ ಹಿಡಿದುಕೊಂಡೇ ಬಂತು.

ಬೈಗುಳ ಕಾದಿದ್ದೆ, ಬರಲಿಲ್ಲ. ಮುಂದಿನ ವಾರ ಹೊಸ ಚರ್ಮ ತಂದರು. ರಾತ್ರಿಯಿಡೀ ನೀರಲ್ಲಿ ನೆನೆಸಿ, ಅದು ಬಟ್ಟೆಯಷ್ಟು ಮೆತ್ತಗಾದ ಮೇಲೆ ಇಬ್ಬರೂ ಎದುರುಬದುರು ಕೂತು ಮರದ ಬಳೆಗೆ ಎಳೆದು ಅಂಚು ಮಡಚಿ ಸಿಕ್ಕಿಸಿದೆವು. ಸ್ಟಾಫ್ ರೂಮಿನ ಮೂಲೆಯಲ್ಲಿ, ಗಾಳಿ ಬೀಳದ ಕಡೆ, ತಾನಾಗಿ ಒಣಗಲು ಇಟ್ಟೆವು. "ಬೆಂಕಿಯ ಅವಸರ ಚರ್ಮಕ್ಕೆ ಆಗಿಬರೋದಿಲ್ಲ" ಅಂದರು, ಅಷ್ಟೇ. ಆ ಮಳೆಯಲ್ಲಿ ಅದು ಒಣಗುವಷ್ಟರಲ್ಲಿ ಗಣಪತಿ ಹಬ್ಬ ಬಂದಿತ್ತು. ಅಲ್ಲಿಂದ ಪ್ರತಿ ಶನಿವಾರದ ಅಭ್ಯಾಸದಲ್ಲಿ ಅರ್ಧ ಗಂಟೆ ಎಡಗೈಯಲ್ಲೇ ಬಾರಿಸಿದೆ. ಅವರು ಹೇಳಿರಲಿಲ್ಲ.

1988ರ ಆಗಸ್ಟ್ 15, ಹತ್ತನೇ ತರಗತಿ. ಸೇತುವೆ ಇಳಿದು ನಿಂತಿದ್ದೆ. ಕೊನೇ ಸಾಲಿನ ಪುಟ್ಟ ಹುಡುಗ ಸೇತುವೆಯಿಂದ ಕಾಲು ತೆಗೆದ. ಮೇಷ್ಟ್ರು ತಲೆ ಆಡಿಸಿದರು. ಕೋಲನ್ನು ಎಡಗೈಗೆ ತೆಗೆದುಕೊಂಡು ಮೊದಲ ಪೆಟ್ಟು ಕೊಟ್ಟೆ. ಅವರು ಒಮ್ಮೆ ತಿರುಗಿ ನೋಡಿ, ಎಡಗಾಲು ಮುಂದಿಟ್ಟರು.